ಕಲರ್ ಸಾರ್ಟರ್ ಬಂದ ಮ್ಯಾಲ ಬ್ಯಾಳಿ ಆರಸೋರಿಗೆ ಏನ್ ಕೆಲಸ? ರಿಜೆಕ್ಟ್‌ನಾಗ ಒಳ್ಳೆ ಮಾಲು ಭಾಳ ಹೋಗಲಕತ್ತದ

ಕಪನೂರ_ಬ್ಯಾಳಿ:

ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗಿನ ತೊಗರಿ ಬ್ಯಾಳಿ ಮಿಲ್. ಮೂರು ಚ್ಯೂಟಿನ (ಬ್ಯಾಳಿ ಜಾರಿ ಇಳಿಯೋ ಪಟ್ಟಿ) ಕಲರ್ ಸಾರ್ಟರ್, ಅಂದ್ರ ಕ್ಯಾಮೆರಾಲೆ ಬಣ್ಣ ನೋಡಿ ಕೆಟ್ಟ ಬ್ಯಾಳಿ ಗಾಳಿಲೆ ಊದಿ ಹಾರಿಸೋ ಮೆಷಿನ್, ಕುಂದರಿಸ್ಯಾರ. ಒಂದೊಂದು ಚ್ಯೂಟಿಗೆ 64 ಎಜೆಕ್ಟರ್ (ಗಾಳಿ ಊದೋ ನಾಝಲ್), ಒಟ್ಟು 192. ಹಿಂದ-ಮುಂದ ಎರಡೂ ಕಡಿ ಕ್ಯಾಮೆರಾ ಅವ. ಸ್ಕ್ರೀನ್ ಮ್ಯಾಲ "ಎಐ ಕಲಿಕೆ" ಅಂತ ಒಂದು ಬಟನ್ ಅದ, ಅದನ್ನ ಇನ್ನೂ ಯಾರೂ ಮುಟ್ಟಿಲ್ಲ.

ಈಗಿನ ಲೆಕ್ಕ ಹೀಂಗದ. ತಾಸಿಗೆ 2.5 ಟನ್ ಬಿಡ್ತೀವಿ, ಮೂರೂ ಚ್ಯೂಟಿಗೆ ಒಂದೇ ಮಾಲು. ರಿಜೆಕ್ಟ್ (ಮೆಷಿನ್ ಹಾರಿಸಿ ತಗದದ್ದು) ಸುಮಾರು 6% ಬರ್ತದ. ಅದನ್ನ ಕೈಲೆ ಆರಿಸಿ ತೂಗಿದ್ರ 100 ಗ್ರಾಂನಾಗ 70 ಗ್ರಾಂ ಒಳ್ಳೆ ಬ್ಯಾಳಿ! ಅಷ್ಟಾದ್ರೂ ಪಾಸ್ ಮಾಲಿನಾಗ 100 ಗ್ರಾಂಗೆ 8-9 ಕಪ್ಪು, ಸಿಪ್ಪಿ ಉಳಿದದ್ದು ಸಿಗ್ತಾವ. ಮುಂಜಾನಿ ಚಾಲೂ ಮಾಡಿದಾಗ ಚಲೋ ಇರ್ತದ, ಮಧ್ಯಾನ 2 ಗಂಟೆ ಆಗೋದ್ರಾಗ ಕೆಡ್ತದ. ಸೆನ್ಸಿಟಿವಿಟಿ (ಎಷ್ಟು ಸಣ್ಣ ಕಲೆ ಕಂಡ್ರ ಊದಬೇಕು ಅನ್ನೋ ಸೆಟ್ಟಿಂಗ್) ಏರಿಸಿದ್ರ ಒಳ್ಳೇದೂ ಹಾರ್ತದ, ಇಳಿಸಿದ್ರ ಕಪ್ಪು ಪಾಸ್ ಮಾಲಿನಾಗ ಉಳೀತದ. ಕಂಪ್ರೆಸರ್ ಗೇಜ್ 7 ಬಾರ್ ತೋರಿಸ್ತದ.

ಮೊದಲ 14 ಮಂದಿ ಹೆಣ್ಮಕ್ಕಳು ಆರಿಸ್ತಿದ್ರು. ಮಾಲಕರು ಇಬ್ಬರನ್ನ ಸಾರ್ಟರ್ ಹತ್ರ ಇಟ್ಟು, ಉಳಿದವರಿಗೆ ಪ್ಯಾಕಿಂಗ್ ಕಡಿ ಹಾಕ್ತೀನಂತಾರ. ಆ ಇಬ್ಬರು ಎಲ್ಲಿ ಕುಂದರಬೇಕು? ಪಾಸ್ ಬೆಲ್ಟ್ ಮ್ಯಾಲ ಆರಸಬೇಕಾ, ರಿಜೆಕ್ಟ್ ಆರಸಬೇಕಾ? ಮೆಷಿನ್ ಸೆಟ್ಟಿಂಗ್ ಯಾವುದರಿಂದ ಶುರು ಮಾಡಬೇಕು? ಗೊತ್ತಿದ್ದವರು ಹೇಳ್ರಿ.


ಚ್ಯೂಟ್_ರಿಪೇರಿ:

ಮೊದಲು ಸೆನ್ಸಿಟಿವಿಟಿಯಿಂದ ಕೈ ತೆಗೀರಿ. ತೊಂದರೆ ಅಲ್ಲಿಲ್ಲ.

ಒಂದು ಹೋಳು ಬೇಳೆ ಸುಮಾರು 0.04 ಗ್ರಾಂ. 2.5 ಟನ್ನನ್ನು ಮೂರು ಚ್ಯೂಟಿಗೆ ಹಂಚಿದರೆ ಒಂದೊಂದಕ್ಕೆ ತಾಸಿಗೆ 833 ಕಿಲೋ, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 5,800 ಹೋಳು. 64 ನಾಝಲ್‌ಗೆ ಭಾಗಿಸಿದರೆ ಒಂದೊಂದು ನಾಝಲ್ ಎದುರಿಗೆ ಸೆಕೆಂಡಿಗೆ 90. ಬೇಳೆ ಅಲ್ಲಿ ಬೀಳುವ ವೇಗ ಸೆಕೆಂಡಿಗೆ 4 ಮೀಟರ್ ಅಂತ ಹಿಡಿದರೆ, ಒಂದರ ಹಿಂದೆ ಒಂದು ಸರಾಸರಿ 44 ಮಿಲಿಮೀಟರ್ ಅಂತರದಲ್ಲಿ ಇಳೀತಿವೆ. ನಾಝಲ್ 1.5 ಮಿಲಿಸೆಕೆಂಡ್ ಊದಿದರೆ 6 ಮಿ.ಮೀ. ಉದ್ದದ ಗಾಳಿಪಟ್ಟಿ, ಬೇಳೆಯದೇ 5 ಮಿ.ಮೀ. ಸೇರಿಸಿ 11. ಊದಿದ್ದು ಅಕ್ಕಪಕ್ಕದ ನಾಝಲ್ ಜಾಗಕ್ಕೂ ಹರಡುತ್ತೆ, ಹಾಗಾಗಿ ಮೂರು ಸಾಲು ಅಂತ ಹಿಡೀರಿ. ಮೂರು ಸಲ 11, ಭಾಗಿಸು 44: ಒಂದು ಕೆಟ್ಟ ಹೋಳನ್ನು ಹಾರಿಸುವಾಗ ಮುಕ್ಕಾಲು ಒಳ್ಳೆ ಹೋಳು ಜೊತೆಗೆ ಹೋಗಬೇಕು. ನಿಮ್ಮಲ್ಲಿ ಒಂದಕ್ಕೆ ಎರಡೂಕಾಲಕ್ಕಿಂತ ಹೆಚ್ಚು ಹೋಗ್ತಿದೆ. ಮೆಷಿನ್ ಸುಮ್ಮಸುಮ್ಮನೆ ಎಲ್ಲೋ ಊದ್ತಿದೆ ಅಂತ ಅರ್ಥ.

ಅದನ್ನು ಹಿಡಿಯೋಕೆ ಎರಡು ಪರೀಕ್ಷೆ. ಎರಡಕ್ಕೂ ಕೈಯಿಂದ ಆರಿಸುವವರೇ ಬೇಕು.

ಮೊದಲನೇದು, ಒಂದೂ ಕೆಟ್ಟದ್ದಿಲ್ಲದ 2 ಕಿಲೋ ಬೇಳೆ ಕೈಲಿ ಆರಿಸಿ ತಯಾರು ಮಾಡಿಸಿ. ಅದನ್ನೊಂದನ್ನೇ ಮೆಷಿನ್‌ಗೆ ಬಿಡಿ. ರಿಜೆಕ್ಟ್ ಕಡೆ ಬಂದದ್ದನ್ನು ತೂಗಿ. 10 ಗ್ರಾಂ ಒಳಗಿದ್ದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ ಗಾಜು, ಲೈಟು, ಹಿನ್ನೆಲೆ ಪಟ್ಟಿ (ಬೇಳೆಯ ಹಿಂದೆ ಕ್ಯಾಮೆರಾಕ್ಕೆ ಕಾಣುವ ಪಟ್ಟಿ) ಇವುಗಳಲ್ಲೊಂದು ಹೊಲಸಾಗಿದೆ. ಗಾಜಿನ ಮೇಲೆ ಧೂಳಿನ ಚುಕ್ಕೆ ಕೂತರೆ ಕ್ಯಾಮೆರಾಕ್ಕೆ ಅದೇ ಕಪ್ಪು ಬೇಳೆ.

ಎರಡನೇದು, ಖಾತ್ರಿಯಾಗಿ ಕೆಟ್ಟ 100 ಹೋಳು ಎಣಿಸಿ 5 ಕಿಲೋ ಒಳ್ಳೇದರಲ್ಲಿ ಬೆರೆಸಿ ಬಿಡಿ. ರಿಜೆಕ್ಟ್‌ನಲ್ಲಿ ಎಷ್ಟು ಬಂದವು ಎಣಿಸಿ. ಚ್ಯೂಟ್ ಚ್ಯೂಟಿಗೆ ಬೇರೆ ಬೇರೆ ಮಾಡಬೇಕು, ಒಟ್ಟಿಗೆ ಮಾಡಿದರೆ ಏನೂ ಗೊತ್ತಾಗಲ್ಲ. 95 ದಾಟಿದರೆ ಸರಿ. 90ಕ್ಕಿಂತ ಕೆಳಗಾದರೆ ಕ್ಯಾಮೆರಾ ಕಂಡಿದೆ ಆದರೆ ಗಾಳಿ ತಪ್ಪಿದೆ, ಇಲ್ಲವೇ ನಾಝಲ್ ಸತ್ತಿದೆ.

ಮಧ್ಯಾಹ್ನ ಕೆಡೋದಕ್ಕೆ ಕಾರಣ ಹೆಚ್ಚಾಗಿ ಚ್ಯೂಟೇ. ಬೇಳೆಗೆ ಹಚ್ಚಿದ ಎಣ್ಣೆ ಮತ್ತು ಹಿಟ್ಟಿನಂಥ ಧೂಳು ಸೇರಿ ಚ್ಯೂಟಿನ ಮೇಲೆ ತೆಳ್ಳಗೆ ಜಿಡ್ಡು ಕಟ್ಟುತ್ತೆ. ಬೇಳೆ ಜಾರುವ ವೇಗ ಇಳಿಯುತ್ತೆ. ಕ್ಯಾಮೆರಾ ನೋಡುವ ಗೆರೆಯಿಂದ ನಾಝಲ್‌ಗೆ 80 ಮಿ.ಮೀ. ಇದ್ದರೆ 4 ಮೀಟರ್ ವೇಗದಲ್ಲಿ 20 ಮಿಲಿಸೆಕೆಂಡ್ ಬೇಕು, ವೇಗ 3.8ಕ್ಕೆ ಇಳಿದರೆ 21. ಒಂದು ಮಿಲಿಸೆಕೆಂಡ್ ಏನ್ ಮಹಾ ಅನ್ಸುತ್ತೆ, ಆದರೆ ಅಷ್ಟರಲ್ಲಿ ಬೇಳೆ 4 ಮಿ.ಮೀ. ಹಿಂದೆ ಉಳಿದಿರುತ್ತೆ, ಹತ್ತಿರ ಹತ್ತಿರ ಒಂದು ಹೋಳಿನಷ್ಟು. ಅದರ ಮುಂದೆ ಒಳ್ಳೇದಿದ್ದರೆ ಗಾಳಿ ಅದನ್ನು ಹಾರಿಸಿ, ಕೆಟ್ಟದ್ದನ್ನು ಬಿಡುತ್ತೆ. ನೀವು ಹೇಳಿದ ಎರಡೂ ಲಕ್ಷಣ ಒಟ್ಟಿಗೆ ಕಾಣೋದು ಹೀಗೇ.

ನಾಲ್ಕು ತಾಸಿಗೊಮ್ಮೆ ಫೀಡ್ ನಿಲ್ಲಿಸಿ ಚ್ಯೂಟನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಬಟ್ಟೆ, ಆಮೇಲೆ ಮತ್ತೆ ಒಣ ಬಟ್ಟೆ. ಸೀಮೆಎಣ್ಣೆ ಬೇಡ, ವಾಸನೆ ಮಾಲಿಗೆ ಬರುತ್ತೆ. ಗಾಜಿನ ಮೇಲೆ ಓಡುವ ವೈಪರ್ ರಬ್ಬರ್ ಸವೆದಿದ್ದರೆ ಅದು ಒರೆಸಲ್ಲ, ಗೆರೆ ಎಳೆಯುತ್ತೆ, ಬದಲಿಸಿ. ಏರ್ ಗನ್ ತಗೊಂಡು ಕ್ಯಾಮೆರಾ ಪೆಟ್ಟಿಗೆಯೊಳಗೆ ಊದೋದು ಎಲ್ಲ ಮಿಲ್‌ನಲ್ಲೂ ನಡೆಯುತ್ತೆ, ಅದನ್ನು ಬಿಡಿಸಿ. ಧೂಳು ಹೊರಗೆ ಬರಲ್ಲ, ಲೆನ್ಸ್ ಹಿಂದಕ್ಕೆ ಹೋಗುತ್ತೆ.

ಇನ್ನೊಂದು, ಲೈಟ್ ಹಚ್ಚಿ 20 ನಿಮಿಷ ಕಾದು ಆಮೇಲೆ ಕ್ಯಾಲಿಬ್ರೇಶನ್ (ಕ್ಯಾಮೆರಾದ ಅಳತೆ ಸರಿಹೊಂದಿಸೋದು). ಬಿಸಿಯಾದಂತೆ ಎಲ್‌ಇಡಿ ಬೆಳಕು ಸ್ವಲ್ಪ ಕುಗ್ಗುತ್ತೆ. ಮೇ ತಿಂಗಳಲ್ಲಿ ನಿಮ್ಮ ಊರಿನ ತಗಡಿನ ಶೆಡ್ ಒಳಗೆ ಬೆಳಿಗ್ಗೆಯ ಕ್ಯಾಲಿಬ್ರೇಶನ್ ಮಧ್ಯಾಹ್ನಕ್ಕೆ ಹೊಂದಲ್ಲ. ಊಟದ ಹೊತ್ತಿಗೆ ಮತ್ತೊಮ್ಮೆ ಮಾಡಿ.


ಹಸನ_ಮಾಡಾಕಿ:

ಅಣ್ಣಾರ, ಇಬ್ಬರನ್ನ ಪಾಸ್ ಬೆಲ್ಟ್ ಮ್ಯಾಲ ಕುಂದರಿಸಬ್ಯಾಡ್ರಿ. ತಾಸಿಗೆ 2 ಟನ್ ಮ್ಯಾಲ ಹೋಗೋ ಬ್ಯಾಳಿನಾಗ ಇಬ್ಬರು ಏನ್ ಆರಸ್ತಾರ? 60 ಸೆಂಟಿಮೀಟರ್ ಅಗಲದ ಬೆಲ್ಟ್ ಮ್ಯಾಲ, ನಿಮಿಷಕ್ಕ 6 ಮೀಟರ್ ಓಡಿಸಿ, ಒಂದೇ ಪದರ, ಬಿಡಿಬಿಡಿಯಾಗಿ ತೆಳ್ಳಗ ಹರವಿದ್ರ ತಾಸಿಗೆ 60 ಕಿಲೋ ಆಸುಪಾಸು ಕಣ್ಣಿಗೆ ಸಿಗ್ತದ. ಅದಕ್ಕಿಂತ ದಪ್ಪ ಹರವಿದ್ರ ಕೆಳಗಿಂದು ಕಾಣಂಗಿಲ್ಲ, ಸುಮ್ಮ ಕುಂತಂಗ.

ಅವರ ಕೆಲಸ ಮೆಷಿನ್‌ನ ಪರೀಕ್ಷೆ ಮಾಡೋದು. ಒಬ್ಬಾಕಿ ಪಾಸ್ ಕಡಿ, ಒಬ್ಬಾಕಿ ರಿಜೆಕ್ಟ್ ಕಡಿ, ತಾಸಿಗೊಮ್ಮೆ ಅದಲಬದಲ. ಪಾಸ್ ಕಡಿಯಾಕಿ 20 ನಿಮಿಷಕ್ಕೊಮ್ಮೆ 100 ಗ್ರಾಂ ಹಿಡೀಬೇಕು. ಚೀಲದ ಮ್ಯಾಲಿಂದ ಬೊಗಸಿಲೆ ತಗೊಳ್ಳೋದಲ್ಲ. ಬೀಳೋ ಧಾರಿಗೆ ಡಬ್ಬಿ ಅಡ್ಡ ಹಿಡಿದು ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೀಬೇಕು, ಅಂದ್ರ 64 ನಾಝಲ್‌ದೂ ಪಾಲು ಬರ್ತದ. 100 ಗ್ರಾಂ ಅಂದ್ರ 2,500 ಹೋಳು. ಕೈ ಪಳಗಿದಾಕಿಗೆ ನಾಲ್ಕೈದು ನಿಮಿಷದ ಕೆಲಸ.

ಟ್ರೇ ನೀಲಿ ಬಣ್ಣದ್ದಿರಲಿ. ಸ್ಟೀಲ್ ತಾಟಿನಾಗ ಬೆಳಕು ಕಣ್ಣಿಗೆ ಹೊಡೀತದ, ಹಳದಿ ಮ್ಯಾಲ ಕಂದು ಚುಕ್ಕಿ ತಪ್ಪಿ ಹೋಗ್ತದ. ಮ್ಯಾಲ ಬಿಳಿ ಎಲ್‌ಇಡಿ ಹಾಕ್ರಿ, ಹಳದಿ ಬಲ್ಬ್ ಇದ್ರ ಸಿಪ್ಪಿ ಅಂಚು ಕಾಣಂಗೇ ಇಲ್ಲ. ಟೇಬಲ್ ಎತ್ತರ ಮೊಣಕೈಗೆ ಸರಿ ಇರಬೇಕು, ನೆಲದ ಮ್ಯಾಲ ಕುಂದರಿಸಿ ದಿನಾ 8 ತಾಸು ಬಗ್ಗಿಸೋದು ನಿಂದ್ರಬೇಕು ಇನ್ನ.

ಸಿಕ್ಕದ್ದನ್ನ ಜಾತಿ ಜಾತಿ ಬರೀಬೇಕು: ಕಪ್ಪು, ಕಂದು, ಸಿಪ್ಪಿ ಉಳಿದದ್ದು, ಹಸಿರು, ಹುಳ ತಿಂದದ್ದು, ಗೋಟಾ (ಹೋಳಾಗದ ಇಡೀ ಕಾಳು), ಹರಳು. ಒಟ್ಟು ಒಂದೇ ಅಂಕಿ ಬರದ್ರ ಪ್ರಯೋಜನಿಲ್ಲ. ಕಪ್ಪು ಹೆಚ್ಚಾತಂದ್ರ ಸಾರ್ಟರ್ ತಪ್ಪು. ಸಿಪ್ಪಿ, ಗೋಟಾ ಹೆಚ್ಚಾತಂದ್ರ ಹಿಂದಿನ, ಸಿಪ್ಪಿ ಸುಲಿಯೋ ಎಮರಿ ರೋಲರ್ ತಪ್ಪು, ಇಲ್ಲಾ ಎಣ್ಣಿ ಹಚ್ಚಿ ಇಟ್ಟ ಮಾಲು ಇನ್ನೂ ಹದಕ್ಕ ಬಂದಿಲ್ಲ. ಮಂದಿ ಸಾರ್ಟರ್‌ನ ಸೆಟ್ಟಿಂಗ್ ತಿರುಗಿಸ್ತಾ ಕುಂದರ್ತಾರ, ಖರೇ ರೋಗ ಎರಡು ಮೆಷಿನ್ ಹಿಂದ ಇರ್ತದ. ಹರಳು ಸಿಕ್ರಂತೂ ಹರಳು ತಗಿಯೋ ಮೆಷಿನ್ (ಡಿಸ್ಟೋನರ್) ಕಡಿ ಓಡ್ರಿ, ಬ್ಯಾಳಿ ಬಣ್ಣದ ಹರಳನ್ನ ಬಣ್ಣ ನೋಡೋ ಕ್ಯಾಮೆರಾ ಬಿಟ್ಟುಬಿಡ್ತದ.

ರಿಜೆಕ್ಟ್ ಕಡಿಯಾಕಿ 100 ಗ್ರಾಂ ತಗೊಂಡು ಒಳ್ಳೇದನ್ನ ಬ್ಯಾರೆ ಮಾಡಿ ತೂಗಿ ಬರೀಬೇಕು. ಅಷ್ಟೇ. ರಿಜೆಕ್ಟ್ ಪೂರಾ ಕೈಲೆ ಆರಸೋದಕ್ಕಿಂತ ಹೊಳ್ಳಿ ಮೆಷಿನ್‌ಗೆ ಬಿಡೋದು ಸೋವಿ.

ಆ "ಎಐ ಕಲಿಕೆ" ಬಟನ್ ಬಗ್ಗೆ: ಅದು ಕಲಿಯೋದು ನಿಮ್ಮ ಟ್ರೇದಾಗಿನ ಬ್ಯಾಳಿ ನೋಡಿ. ಒಳ್ಳೇದು ಅಂತ 300 ಗ್ರಾಂ ತೋರಿಸ್ತೀರಿ, ಅದರಾಗ ನಾಲ್ಕು ಕಂದು ಉಳಿದ್ರ ಕಂದು ಒಳ್ಳೇದಂತ ಕಲೀತದ. ಅದಕ್ಕ ಹಿಂಗ ಮಾಡ್ರಿ. ಒಂದೇ 200 ಗ್ರಾಂ ಮಾಲನ್ನ ಇಬ್ಬರೂ ಒಬ್ಬರಿಗೊಬ್ಬರು ನೋಡದಂಗ ಬ್ಯಾರೆ ಬ್ಯಾರೆ ಆರಸಬೇಕು. ಇಬ್ಬರೂ ಒಳ್ಳೇದಂದದ್ದು ಒಳ್ಳೇದು, ಇಬ್ಬರೂ ಕೆಟ್ಟದ್ದಂದದ್ದು ಕೆಟ್ಟದ್ದು. ಒಬ್ಬಾಕಿ ಹ್ಞೂಂ ಒಬ್ಬಾಕಿ ಊಹ್ಞೂಂ ಅಂದದ್ದನ್ನ ಬ್ಯಾರೆ ಡಬ್ಬಿಗೆ ಹಾಕಿ ಮಾಲಕರ ಮುಂದ ಇಡ್ರಿ, ಯಾವ ಗ್ರೇಡಿಗೆ ಅದು ನಡೀತದ ಅಂತ ಅವರೇ ಹೇಳಲಿ. ಮನುಷ್ಯಾರಿಗೇ ಒಪ್ಪಿಗಿ ಇಲ್ಲದ್ದನ್ನ ಮೆಷಿನ್‌ಗೆ ತೋರಿಸಬಾರದು.

ಒಳ್ಳೇದರ ಟ್ರೇದಾಗ ಎಲ್ಲಾ ನಮೂನಿ ಇರಬೇಕು. ಹೋಳಿನ ಚಪ್ಪಟಿ ಮುಖ ಬೆಳ್ಳಗ, ಡುಬ್ಬದ ಮುಖ ಹಳದಿ. ಅಂಚಿನ ಮ್ಯಾಲ ನಿಂತು ಬಿದ್ದ ಹೋಳು ಸಣ್ಣ ಗೆರಿಯಂಗ ಕಾಣ್ತದ. ಡಿಸೆಂಬರ್-ಜನವರಿದಾಗ ಬರೋ ಹೊಸ ಮಾಲು ಬ್ಯಾರೆ, ಹಳೇದು ಬ್ಯಾರೆ. ಕೆಟ್ಟದ್ದರ ಒಂದೊಂದು ಜಾತಿಗೆ 50 ಗ್ರಾಂ ಸಾಕು, ಅಂದ್ರ ಸಾವಿರದ ಮ್ಯಾಲ ಹೋಳು ಆತು. ಹಂಗ ತಯಾರಾದ ಡಬ್ಬಿಗೆ ಹೆಸರು, ತಾರೀಕು, ಲಾಟ್ ನಂಬರ್ ಹಚ್ಚಿ ಒಣ ಜಾಗದಾಗ ಇಡ್ರಿ. ಆರು ತಿಂಗಳಿಗೆ ಬಣ್ಣ ಮಾಸ್ತದ, ಹೊಸದು ಮಾಡಬೇಕು.

ಇನ್ನೊಂದು ಮಾತು, ಮಾಲಕರಿಗೆ. ಮೂರು ಸ್ಯಾಂಪಲ್ ಸಾಲಾಗಿ ಮಿತಿ ದಾಟಿದ್ರ ಫೀಡ್ ಇಳಿಸು ಅಂತ ಆಪರೇಟರ್‌ಗೆ ಹೇಳೋ ಅಧಿಕಾರ ಆ ಹೆಣ್ಮಕ್ಕಳಿಗೆ ಕೊಡ್ರಿ. ಬರೇ ಬರದಿಟ್ಟು ಸಂಜಿಕೆ ತೋರಿಸೋದಿದ್ರ ಅಷ್ಟೊತ್ತಿಗೆ 15 ಟನ್ ಚೀಲ ಸೇರಿರ್ತದ.


ಗಾಳಿ_ಟ್ಯಾಂಕ್:

ಯಾದಗಿರಿ ಕಡಿಯವ. ಕಡೇಚೂರ ಏರಿಯಾದಾಗ ಕಂಪ್ರೆಸರ್ ಕೆಲಸ.

ಕಂಪ್ರೆಸರ್ ಗೇಜ್ 7 ಬಾರ್ ಅಂತ ಹೇಳೀರಿ, ಅದರಿಂದ ಏನೂ ತಿಳಿಯಂಗಿಲ್ಲ. ಸಾರ್ಟರ್ ಬಾಗಿಲಿಗೆ ಗಾಳಿ ಹೊಗೋ ಜಾಗದಾಗ ಗೇಜ್ ಹಾಕ್ರಿ. ಮಾಲು ಇಲ್ಲದಾಗ ಎಷ್ಟು, ಮಾಲು ಓಡುವಾಗ ಎಷ್ಟು ನೋಡ್ರಿ. ಮುಳ್ಳು 0.3 ಬಾರ್‌ಗಿಂತ ಹೆಚ್ಚು ಕುಣಿದ್ರ ಪೈಪ್ ಸಣ್ಣದು, ಇಲ್ಲಾ ಫಿಲ್ಟರ್ ಕಟ್ಟೇದ. ರಿಜೆಕ್ಟ್ ಹೆಚ್ಚಾದಂಗ ಗಾಳಿ ಹೆಚ್ಚು ಬೇಕು, ಒತ್ತಡ ಇಳೀತದ, ಊದೋದು ಸೋಲ್ತದ, ಕಪ್ಪು ಉಳೀತದ, ಆಪರೇಟರ್ ಸೆನ್ಸಿಟಿವಿಟಿ ಏರಿಸ್ತಾನ, ಇನ್ನೂ ಗಾಳಿ ಬೇಕು.

ಮಳಿಗಾಲದಾಗ ನೀರಿನ ಲೆಕ್ಕ ಕೇಳ್ರಿ. 30 ಡಿಗ್ರಿ, 80% ತೇವ ಇದ್ದಾಗ ಒಂದು ಘನ ಮೀಟರ್ ಗಾಳಿನಾಗ 24 ಗ್ರಾಂ ನೀರು. ನಿಮಿಷಕ್ಕ 2 ಘನ ಮೀಟರ್ ಎಳೆಯೋ ಕಂಪ್ರೆಸರ್ ಇದ್ರ, 7 ಬಾರ್‌ಗೆ ಒತ್ತಿ 40 ಡಿಗ್ರಿಗೆ ತಣ್ಣಗಾದಾಗ ತಾಸಿಗೆ 2 ಲೀಟರ್ ಮ್ಯಾಲ ನೀರು ಟ್ಯಾಂಕಿನ್ಯಾಗ ಬೀಳ್ತದ. 8 ತಾಸಿಗೆ 17 ಲೀಟರ್, ಒಂದು ಕೊಡ! ಆಟೋ ಡ್ರೇನ್ (ನೀರು ತಾನೇ ಹೊರಗ ಬಿಡೋ ವಾಲ್ವ್) ಕಟ್ಟಿಕೊಂಡ್ರ ಆ ಕೊಡ ಎಲ್ಲಿ ಹೋಗ್ತದ? ನಾಝಲ್‌ಗೆ. ಅಲ್ಲಿ ಬ್ಯಾಳಿ ಹಿಟ್ಟು ಕಾಯ್ಕೊಂಡು ಕುಂತಿರ್ತದ, ಎರಡೂ ಕೂಡಿ ಲಪಟಿ ಆಗ್ತದ, ವಾಲ್ವ್ ಹಿಡೀತದ.

ಕಂಪ್ರೆಸರ್, ಟ್ಯಾಂಕ್, ಫಿಲ್ಟರ್, ಡ್ರೈಯರ್, ಸಣ್ಣ ಫಿಲ್ಟರ್, ಸಾರ್ಟರ್. ಈ ಸಾಲು ತಪ್ಪಬಾರದು. ಡ್ರೈಯರ್ 3 ಡಿಗ್ರಿ ಡ್ಯೂ ಪಾಯಿಂಟಿಂದು (ಗಾಳಿಯಾಗಿನ ತೇವ ನೀರಾಗೋ ಉಷ್ಣತೆ) ಸಾಕು, ಆದ್ರ ಬ್ಯಾಸಗಿ 42-43 ಡಿಗ್ರಿನಾಗ ಪ್ಲೇಟ್ ಮ್ಯಾಲ ಬರದಷ್ಟು ಕೆಲಸ ಅದು ಮಾಡಂಗಿಲ್ಲ, ಒಂದು ಸೈಜ್ ದೊಡ್ಡದು ತಗೊಳ್ರಿ. ಸಾರ್ಟರ್ ಹತ್ರಾನೇ 500 ಲೀಟರ್ ಟ್ಯಾಂಕ್ ಒಂದು ಇಡ್ರಿ. ಮೇನ್ ಪೈಪಿನಿಂದ ಟೀ (ಕವಲು ಪೈಪ್) ತಗೊಳ್ಳುವಾಗ ಮ್ಯಾಲಿಂದ ತಗೊಳ್ರಿ, ಕೆಳಗಿಂದ ತಗೊಂಡ್ರ ನೀರೇ ಮೊದಲ ಇಳೀತದ.

ಪರೀಕ್ಷೆ: ಸಾರ್ಟರ್ ಮುಂದಿನ ಫಿಲ್ಟರ್ ಡ್ರೇನ್ ತಗದು ಬಿಳಿ ಬಟ್ಟಿ ಅರ್ಧ ನಿಮಿಷ ಹಿಡೀರಿ. ತೋಯ್ದ್ರ ಡ್ರೈಯರ್. ಹಳದಿ ಕಲಿ ಬಿದ್ರ ಕಂಪ್ರೆಸರ್ ಎಣ್ಣಿ ಬರ್ಲಿಕತ್ತದ, ಅದು ಬ್ಯಾಳಿಗೂ ಹತ್ತತದ, ಅವತ್ತೇ ನಿಲ್ಲಿಸ್ರಿ.


ನೌಬಾದ್_77:

ಬೀದರ್‌ದಿಂದ. ಮ್ಯಾಲಿನ ಮಾತು ಎಲ್ಲಾ ಒಪ್ಪತೀನಿ, ಎರಡು ವಿಷಯ ಬಿಟ್ಟಾರ.

ಒಂದು, ಆಟೋ ಮೋಡ್. ಕೆಲವು ಮೆಷಿನ್ ಬರೋ ಮಾಲಿನ ಸರಾಸರಿ ಬಣ್ಣ ನೋಡಿ ಒಳ್ಳೇದು-ಕೆಟ್ಟದ್ದರ ನಡುವಿನ ಗೆರಿ ತಾವೇ ಸರಿಸ್ತಾವ. ಮಾಲು ಒಂದೇ ನಮೂನಿ ಇದ್ದಾಗ ಚಲೋ. ಪೂರಾ ಲಾಟೇ ಕೆಂಪಗಿದ್ರ? ಕೆಂಪೇ ಸರಾಸರಿ ಆಗ್ತದ, ಎಲ್ಲಾ ಪಾಸ್. ಸ್ಕ್ರೀನ್ ಮ್ಯಾಲ ರಿಜೆಕ್ಟ್ 2% ಅಂತ ಹಸಿರು ತೋರಿಸ್ತದ, ಎಲ್ಲಾರೂ ಖುಷಿ. ಆಟೋ ಬಂದ್ ಮಾಡ್ರಿ, ಲಾಟ್ ಬದಲಾದಾಗ ಕೈಲೆ ಪ್ರೋಗ್ರಾಂ ಬದಲಿಸ್ರಿ. ನಮ್ಮ ಕಡಿ ಟಿಎಸ್-3ಆರ್, ಜಿಆರ್‌ಜಿ-811 ತಳಿ ತೊಗರಿಗೆ ಒಂದು, ಬರ್ಮಾದಿಂದ ಬರೋ ಲೆಮನ್ ತೊಗರಿಗೆ ಒಂದು, ಆಫ್ರಿಕಾದಿಂದ ಬರೋ ಗಜರಿ ತೊಗರಿಗೆ ಒಂದು. ಉದ್ದು, ಹೆಸರು ಹಾಕೋರು ಅದಕ್ಕ ಬ್ಯಾರೆ. ಹಿನ್ನೆಲೆ ಪಟ್ಟಿಯ ಬೆಳಕನ್ನೂ ಪ್ರೋಗ್ರಾಂ ಜೊತಿ ಬದಲಿಸಬೇಕು. ಪಟ್ಟಿ ಒಳ್ಳೆ ಬ್ಯಾಳಿಯಷ್ಟೇ ಬೆಳ್ಳಗ ಕಾಣಬೇಕು, ಆಗ ಬ್ಯಾಳಿ ಅಂಚನ್ನ ಮೆಷಿನ್ ಕಲೆ ಅಂತ ತಿಳಕೊಳ್ಳಂಗಿಲ್ಲ. ಹಂಗೇ ಲೆಮನ್ ಮಾಲು ಬೆರೆಸಿದ ಚೀಲದ ಮ್ಯಾಲ ಕಲಬುರಗಿ ತೊಗರಿ ಅಂತ ಅಚ್ಚು ಹಾಕಬ್ಯಾಡ್ರಿ, 2019ರಾಗ ಸಿಕ್ಕ ಜಿಐ (ಊರಿನ ಹೆಸರಿನ ಮಾಲಿಗೆ ಕೊಡೋ ಭೌಗೋಳಿಕ ಗುರುತು) ಅದಕ್ಕಲ್ಲ.

ತೊಗರಿನಾಗ ಕಲಬೆರಕಿ ಆಗಿ ಬರೋ ಕೇಸರಿ ಬ್ಯಾಳಿ ಬಗ್ಗೆನೂ ಹೇಳಬೇಕು. ಬಣ್ಣ ತೊಗರಿಯಂಗೇ, ಆಕಾರ ಮಾತ್ರ ಮೂಲಿ ಮೂಲಿ. ಬಣ್ಣದ ಮ್ಯಾಲ ನಡೆಯೋ ಪ್ರೋಗ್ರಾಂ ಅದನ್ನ ಹಿಡಿಯಂಗಿಲ್ಲ. ಆಕಾರ ಕಲಿಸಬೇಕು, ಕಲಿಸಿದ ಮ್ಯಾಲೂ ಕೈಲೆ ನೋಡಬೇಕು. ಮಾರಾಟಕ್ಕ ನಿಷೇಧ ಇದ್ದ ಮಾಲು ಅದು, ಮೆಷಿನ್ ಬಿಟ್ಟಿತ್ತು ಅಂದ್ರ ಯಾರೂ ಒಪ್ಪಂಗಿಲ್ಲ.

ಎರಡು, ಮಾಲಕರು ಮುಂದ ಕೇಳೋದು ರೋಬೋಟ್ ಕೈ. ಚೀಲ ಹೇರಲಿಕ್ಕೆ ಮನುಷ್ಯಾರ ಪಕ್ಕ ಬೇಲಿ ಇಲ್ಲದ ಕೆಲಸ ಮಾಡೋ ಕೋಬೋಟ್ ಬೇಕು ಅಂತಾರ. 50 ಕಿಲೋ ಚೀಲ, ಮ್ಯಾಲ ಹಿಡಿಯೋ ಪಂಜಾ 10-15 ಕಿಲೋ, ಒಟ್ಟು 65. ಸಾಮಾನ್ಯ ಕೋಬೋಟ್ ಎತ್ತೋದು 30 ಕಿಲೋ ಆಸುಪಾಸು. 50 ಕಿಲೋಗೆ ದೊಡ್ಡ ರೋಬೋಟೇ ಬೇಕು, ಅದಕ್ಕ ಬೇಲಿ, ಬಾಗಿಲಿಗೆ ಇಂಟರ್‌ಲಾಕ್ (ಬಾಗಿಲು ತಗದ್ರ ರೋಬೋಟ್ ನಿಲ್ಲಿಸೋದು) ಬೇಕೇ ಬೇಕು. 1 ಕಿಲೋ ಪಾಕೀಟು 25 ಹಾಕಿ ಡಬ್ಬಿ ತುಂಬೋದಿದ್ರ ಕೋಬೋಟ್ ನಡೀತದ. ಅಲ್ಲೂ, ಮನುಷ್ಯಾಗ ಬಡದ್ರ ನಿಲ್ತದ ಅನ್ನೋದು ರೋಬೋಟ್ ಕೈಯಷ್ಟೇ ನೋಡಿ ಹೇಳೋ ಮಾತು. ಪಂಜಾದ ಅಂಚು ಚೂಪಿದ್ರ, ಹಿಡಿದ ಡಬ್ಬಿ ಕಣ್ಣಿನ ಎತ್ತರಕ್ಕ ಬಂದ್ರ, ಸುರಕ್ಷತೆ ಲೆಕ್ಕ ಹೊಸದಾಗಿ ಹಾಕಬೇಕು. ಐಎಸ್ಒ/ಟಿಎಸ್ 15066 ಅಂತ 2016ರಾಗ ಬಂದ ದಾಖಲೆನಾಗ ಮೈಯಿನ ಯಾವ ಭಾಗಕ್ಕ ಎಷ್ಟು ಒತ್ತಡ ತಡೀತದ ಅಂತ ಪಟ್ಟಿ ಅದ, ಮಾರಲಿಕ್ಕೆ ಬಂದವರಿಗೆ ಅದರ ಪ್ರಕಾರ ಅಳತಿ ಮಾಡಿ ತೋರಿಸ್ರಿ ಅನ್ರಿ. ಅರ್ಧ ಮಂದಿ ಅಲ್ಲೇ ಸುಮ್ಮನಾಗ್ತಾರ.


ಕಪನೂರ_ಬ್ಯಾಳಿ:

ಎಲ್ಲಾರಿಗೂ ಶರಣು. ಪರೀಕ್ಷೆ ಮಾಡಿಸಿದ್ವಿ.

ಶುದ್ಧ 2 ಕಿಲೋ ಬಿಟ್ರ ರಿಜೆಕ್ಟ್‌ನಾಗ 58 ಗ್ರಾಂ ಬಂತು. ಗಾಜು, ಚ್ಯೂಟ್ ಒರೆಸಿ, ವೈಪರ್ ರಬ್ಬರ್ ಬದಲಿಸಿ ಹೊಳ್ಳಿ ಬಿಟ್ರ 9 ಗ್ರಾಂ.

ನೂರು ಕಾಳಿನ ಪರೀಕ್ಷೆನಾಗ ಮೊದಲನೇ ಚ್ಯೂಟ್ 94, ಎರಡನೇದು 81, ಮೂರನೇದು 95. ಎರಡನೇ ಚ್ಯೂಟಿನಾಗ ಟೆಸ್ಟ್ ಫೈರ್ ಮಾಡಿ (ಒಂದೊಂದೇ ನಾಝಲ್ ಊದಿಸಿ) ಕಾಗದದ ಪಟ್ಟಿ ಹಿಡಿದ್ರ 37, 38ನೇ ನಾಝಲ್ ಮುಂದ ಪಟ್ಟಿ ಅಲ್ಲಾಡಲಿಲ್ಲ.

ಸಾರ್ಟರ್ ಬಾಗಿಲಿಗೆ ಗೇಜ್ ಹಾಕಿದ್ರ ಸುಮ್ಮ ನಿಂತಾಗ 6.2 ಬಾರ್, ಮಾಲು ಓಡುವಾಗ 4.6. ಬಿಳಿ ಬಟ್ಟಿ ತೋಯ್ತು, ಎಣ್ಣಿ ಇಲ್ಲ. ಎರಡು ನಾಝಲ್ ಬದಲಿಸಿದ್ರ ಸಾಕಾ?


ಚ್ಯೂಟ್_ರಿಪೇರಿ:

ಸಾಲಲ್ಲ. 64ರಲ್ಲಿ ಎರಡು ಸತ್ತರೆ ನೂರಕ್ಕೆ ಮೂರು ತಪ್ಪಬೇಕು. ಬೇರೆ ಚ್ಯೂಟ್‌ಗಳಿಗಿಂತ ನಿಮ್ಮ ಎರಡನೇದು 13-14 ಹೆಚ್ಚು ಬಿಡ್ತಿದೆ. ಉಳಿದ ಹತ್ತು ಆ ಚ್ಯೂಟಿನ ರೆಗ್ಯುಲೇಟರ್ ಒತ್ತಡ ಕಡಿಮೆ ಇರೋದರಿಂದ, ಇಲ್ಲವೇ ಅದರ ಡಿಲೇ (ಕ್ಯಾಮೆರಾ ಕಂಡ ಮೇಲೆ ಊದೋವರೆಗೆ ಕಾಯುವ ಹೊತ್ತು) ಬೇರೆಯಾಗಿರೋದರಿಂದ. ಮೊದಲು ಮೂರೂ ರೆಗ್ಯುಲೇಟರ್ ಒಂದೇ ಅಂಕಿಗೆ ತನ್ನಿ. ಆಮೇಲೂ 90 ದಾಟದಿದ್ದರೆ ಡಿಲೇಯನ್ನು 0.2 ಮಿಲಿಸೆಕೆಂಡ್ ಹೆಚ್ಚಿಸಿ ನೂರು ಕಾಳು ಬಿಡಿ, 0.2 ತಗ್ಗಿಸಿ ಮತ್ತೆ ನೂರು ಬಿಡಿ. ಯಾವ ಕಡೆ ಏರಿತೋ ಆ ಕಡೆ ಹೋಗಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್.

58 ಗ್ರಾಂ ಲೆಕ್ಕ ಚೆನ್ನಾಗಿ ಕೂತಿತು. 2 ಕಿಲೋಗೆ ಅದು 2.9%. ನಿಮ್ಮ 6% ರಿಜೆಕ್ಟ್‌ನಲ್ಲಿ ಕೆಟ್ಟದ್ದು 1.8, ಒಳ್ಳೇದು 4.2. ಅದರಲ್ಲಿ 2.9 ಹೆಚ್ಚಾಗಿ ಹೊಲಸು ಗಾಜಿನ ಪಾಲು, ಉಳಿದ 1.3 ಪಕ್ಕದ ಬೇಳೆ ಜೊತೆಗೆ ಹಾರಿದ್ದು. ಈಗ ಒಟ್ಟು ರಿಜೆಕ್ಟ್ ಮೂರೂವರೆ ಆಸುಪಾಸಿಗೆ ಇಳಿದಿರಬೇಕು, ಅರ್ಧ ಒಳ್ಳೇದು.

ಆ ಅರ್ಧವನ್ನೂ ತೆಗೆಯೋಕೆ ಮೂರನೇ ಚ್ಯೂಟನ್ನು ಮರು-ಸಾರ್ಟ್‌ಗೆ ಬಿಡಿ. ಮೊದಲೆರಡು ಚ್ಯೂಟಿಗೆ ಕಚ್ಚಾ ಮಾಲು, ಅವೆರಡರ ರಿಜೆಕ್ಟ್ ಮೂರನೇದಕ್ಕೆ. ಆದರೆ ತಾಸಿಗೆ 2.5 ಟನ್ ಇಟ್ಟರೆ ಮೊದಲೆರಡರಲ್ಲಿ ಬೇಳೆಗಳ ಅಂತರ 44ರಿಂದ 29 ಮಿ.ಮೀ.ಗೆ ಇಳಿಯುತ್ತೆ, ಗಳಿಸಿದ್ದು ಅಲ್ಲೇ ಹೋಗುತ್ತೆ. 2 ಟನ್‌ಗೆ ಇಳಿಸಿ, ಆಗ 37. ಮೂರನೇ ಚ್ಯೂಟಿಗೆ ತಾಸಿಗೆ 100 ಕಿಲೋ ಕೂಡ ಬರಲ್ಲ, ಬೇಳೆ ಬಿಡಿಬಿಡಿಯಾಗಿ ಇಳಿಯೋದರಿಂದ ಅಲ್ಲಿ ಪಕ್ಕದ್ದು ಹಾರೋದು ಬಹಳ ಕಡಿಮೆ. ಮೂರನೇದರ ಪಾಸ್ ಮಾಲನ್ನು ಚೀಲಕ್ಕೆ ಬಿಡಬೇಡಿ, ಕಚ್ಚಾ ಮಾಲು ಮೇಲಕ್ಕೆತ್ತುವ ಎಲಿವೇಟರ್‌ಗೆ ವಾಪಸ್ ಕೊಡಿ. ಗಡಿಯಲ್ಲಿರೋ ಬೇಳೆ, ಅತ್ತ ಒಳ್ಳೇದೂ ಅಲ್ಲ ಇತ್ತ ಕೆಟ್ಟದ್ದೂ ಅಲ್ಲ, ಸುತ್ತುತ್ತಲೇ ಇರುತ್ತೆ. ಮೂರನೇ ಹಾಪರ್ (ಚ್ಯೂಟಿನ ಮೇಲಿನ ತೊಟ್ಟಿ) ಮಟ್ಟ ಏರ್ತಾ ಹೋದರೆ ದಿನಕ್ಕೊಮ್ಮೆ ಅದನ್ನು ಖಾಲಿ ಮಾಡಿ, ಆರಿಸುವವರ ಟೇಬಲ್‌ಗೆ ಕೊಡಿ. ಅವರು ಪೂರಾ ಕೈಯಿಂದ ಆರಿಸಬೇಕಾದ ಮಾಲು ಅಂದರೆ ಅದೊಂದೇ.

ಆರಿಸುವವರು ಬರೆಯೋ ಪುಸ್ತಕದಲ್ಲಿ ಪಾಸ್ ಮಾಲಿನ ಕೆಟ್ಟ ಹೋಳು 8 ಇದ್ದದ್ದು ಮುಂದಿನ ಸ್ಯಾಂಪಲ್‌ನಲ್ಲಿ 11 ಆದರೆ ಸೆಟ್ಟಿಂಗ್ ಮುಟ್ಟಬೇಡಿ. ಎಂಟರ ಆಸುಪಾಸು ಎಣಿಕೆಯಲ್ಲಿ ಮೂರು ಅತ್ತಿತ್ತ ಆಗೋದು ಬರೀ ಅದೃಷ್ಟದ ಆಟ. 15 ಆದರೆ ಎದ್ದೇಳಿ.


ಗಾಳಿ_ಟ್ಯಾಂಕ್:

ಓಡುವಾಗ 4.6 ಅಂದ್ರ ಕಂಪ್ರೆಸರ್‌ದಿಂದ ಸಾರ್ಟರ್‌ಗೆ ಬರೋದ್ರಾಗ 2.4 ಬಾರ್ ತಿಂದದ. ನಾಝಲ್ ಬದಲಿಸೋ ಮೊದಲ ಫಿಲ್ಟರ್ ಎಲಿಮೆಂಟ್ ಬದಲಿಸ್ರಿ, ಇಲ್ಲಾಂದ್ರ ಹೊಸ ವಾಲ್ವೂ ಎಂಟು ದಿನಕ್ಕ ಹಿಡೀತದ. ಡ್ರೈಯರ್ ಕಂಡೆನ್ಸರ್ ಜಾಳಗಿಗೆ ಹೊಟ್ಟಿನ ಧೂಳು ಕಟ್ಟಿರ್ತದ, ಬ್ರಷ್‌ಲೆ ಝಾಡಿಸ್ರಿ. ಆಟೋ ಡ್ರೇನ್ ಬಟನ್ ಒತ್ತಿ ನೋಡ್ರಿ, ನೀರು ಸಿಡೀಬೇಕು.

37, 38 ತಗಿಯುವಾಗ ಕ್ರಮ: ಫೀಡ್ ಬಂದ್, ಚ್ಯೂಟ್ ಖಾಲಿ, ಮೇನ್ ಸ್ವಿಚ್ ಬಂದ್ ಮಾಡಿ ಬೀಗ, ಗಾಳಿ ಕಾಕ್ ಬಂದ್, ಮ್ಯಾನಿಫೋಲ್ಡ್ (ನಾಝಲ್‌ಗಳಿಗೆ ಗಾಳಿ ಹಂಚೋ ಕೊಳವಿ) ಗೇಜ್ ಸೊನ್ನಿಗೆ ಬರೋವರೆಗೂ ಗಾಳಿ ಬಿಡ್ರಿ. ಆಮ್ಯಾಲೇ ಸ್ಕ್ರೂ. ವಾಲ್ವ್ ತಗದ ಜಾಗಕ್ಕ ನಂಬರ್ ಬರೀರಿ, ವೈರ್ ಅದಲಬದಲ ಆದ್ರ 37 ಕಂಡದ್ದಕ್ಕ 38 ಊದ್ತದ, ಆ ತಪ್ಪು ಹುಡುಕಲಿಕ್ಕೆ ಎರಡು ದಿನ ಹೋಗ್ತದ. ಒಳಗ ಎಣ್ಣಿ ಹಾಕಬ್ಯಾಡ್ರಿ, ಹಿಟ್ಟು ಹಿಡೀತದ.


ಹಸನ_ಮಾಡಾಕಿ:

ವಾಲ್ವ್ ಹಾಕಿದ ಮ್ಯಾಲ ನೂರು ಕಾಳು ಎಣಿಸೋದು ಆಪರೇಟರ್‌ಗೆ ಬಿಡಬ್ಯಾಡ್ರಿ ಅಣ್ಣಾರ. ತಾನು ಕೂಡಿಸಿದ್ದನ್ನ ತಾನೇ ಎಣಿಸಿದ್ರ ಯಾವಾಗಲೂ 97 ಬರ್ತದ.